ಮೇ ರಜೆ, ಕಡಲಾಮೆ ಮತ್ತು ಗಂಗಾವತಿಯಿಂದ ಹೊರಡುವ ದಾರಿ

ಪ್ರಶ್ನೆ: ನಾನು ಗಂಗಾವತಿಯಲ್ಲಿ ಅಕ್ಕಿ ಗಿರಣಿಯೊಂದರ ಲೆಕ್ಕ ಬರೆಯುತ್ತೇನೆ. ಪತಿ ಶಾಲಾ ಶಿಕ್ಷಕರು. ಮಗಳಿಗೆ ಹನ್ನೊಂದು, ಮಗನಿಗೆ ಏಳು ವರ್ಷ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಅಂಡಮಾನ್, ಲಕ್ಷದ್ವೀಪ, ನೇತ್ರಾಣಿ ಎಂದು ಒಂದೊಂದೇ ದ್ವೀಪದ ಚಿತ್ರ ನೋಡುವುದು ನಮ್ಮ ಮನೆಯ ಅಭ್ಯಾಸವಾಗಿಬಿಟ್ಟಿದೆ. ಮಗಳಿಗೆ ಡಾಲ್ಫಿನ್ ಮತ್ತು ಕಡಲಾಮೆ ನೋಡಲೇಬೇಕಂತೆ. ಅತ್ತೆಯವರು ಈ ವಯಸ್ಸಿನವರೆಗೆ ಸಮುದ್ರವನ್ನೇ ಕಂಡಿಲ್ಲ. ಮೇ ತಿಂಗಳ ರಜೆಯಲ್ಲಿ ಐದು ಜನವೂ ಹೊರಟರೆ ಯಾವ ದ್ವೀಪ ಒಳ್ಳೆಯದು? ಅಷ್ಟು ಹಣ ಸುರಿದು ಏನೂ ಕಾಣದೆ ಮರಳಿದರೆ ಎಂಬ ಭಯವೂ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ದ್ವೀಪಗಳ ಹೆಸರು ಹಲವಿವೆ, ತಿಂಗಳ ಹೆಸರು ಒಂದೇ. ಆ ಒಂದು ಹೆಸರೇ ನಿಮ್ಮ ಯೋಜನೆಯನ್ನು ಕೆಡಿಸಬಲ್ಲದು. ನೈಋತ್ಯ ಮುಂಗಾರು ಕೇರಳಕ್ಕೆ ಜೂನ್ ಒಂದರ ಸುಮಾರಿಗೆ ಬರುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಅದಕ್ಕೂ ಮೊದಲು, ಮೇ ಮೂರನೆಯ ವಾರದ ಹೊತ್ತಿಗೆ, ಅದು ಅಂಡಮಾನಿಗೆ ಬಂದಿರುತ್ತದೆ. ಅಂದರೆ ಗಂಗಾವತಿಯಲ್ಲಿ ನೀವು ಬಿಸಿಲಿಗೆ ಬೇಸತ್ತು ಪೆಟ್ಟಿಗೆ ಕಟ್ಟುವ ದಿನಗಳಲ್ಲೇ ಅಲ್ಲಿ ಕಡಲು ಕೆರಳಲು ಶುರುವಾಗಿರುತ್ತದೆ. ದ್ವೀಪದಿಂದ ದ್ವೀಪಕ್ಕೆ ಹೋಗುವ ದೋಣಿಗಳು ರದ್ದಾಗುತ್ತವೆ, ನೀರು ಕದಡಿ ಹವಳ ಕಾಣುವುದಿಲ್ಲ, ವಿಮಾನದ ಟಿಕೆಟ್ಟಿಗೆ ಕೊಟ್ಟ ಹಣ ಹೋಟೆಲ್ ಕೋಣೆಯ ಕಿಟಕಿಯಿಂದ ಮಳೆ ನೋಡುವುದರಲ್ಲಿ ತೀರುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಕಥೆಯೂ ಹೆಚ್ಚು ಬೇರೆಯಲ್ಲ. ಮೇ ಕೊನೆಯ ಹೊತ್ತಿಗೆ ಪ್ರವಾಸಿ ದೋಣಿಗಳು ದಡ ಸೇರುತ್ತವೆ. ಜೂನ್ ಮತ್ತು ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುತ್ತದೆ.

ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿಕೊಳ್ಳಿ. ಯಾವ ದ್ವೀಪ ಎಂದು ಕೇಳುವ ಮೊದಲು ಯಾವ ಪ್ರಾಣಿ ಎಂದು ಕೇಳಿ. ಪ್ರಾಣಿ ಗೊತ್ತಾದರೆ ತಿಂಗಳು ತಾನಾಗಿ ಗೊತ್ತಾಗುತ್ತದೆ, ತಿಂಗಳು ಗೊತ್ತಾದರೆ ಊರು ಗೊತ್ತಾಗುತ್ತದೆ. ದ್ವೀಪ ಸಿಕ್ಕರೆ ಸಿಗಲಿ. ನಿಮ್ಮ ಮಗಳ ಬೇಡಿಕೆ ದ್ವೀಪವಲ್ಲ ಎಂಬುದನ್ನು ಗಮನಿಸಿದಿರಾ? ಅವಳು ಕೇಳಿದ್ದು ಡಾಲ್ಫಿನ್ ಮತ್ತು ಕಡಲಾಮೆ. ಎರಡಕ್ಕೂ ದ್ವೀಪ ಬೇಕಾಗಿಲ್ಲ.

ಮೊದಲು ಕಡಲಾಮೆ. ನಮ್ಮ ಉತ್ತರ ಕನ್ನಡದ ಮರಳಿನ ದಡಗಳಿಗೆ, ಮುಖ್ಯವಾಗಿ ಕಾರವಾರ ಮತ್ತು ಹೊನ್ನಾವರದ ಕಡೆಗೆ, ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಹೊನ್ನಾವರದ ಬಳಿಯ ಕಾಸರಕೋಡಿನ ಟೊಂಕ ಇದಕ್ಕೆ ಹೆಸರಾದ ಜಾಗ. ಬರುವ ಕಾಲ ನವೆಂಬರಿನಿಂದ ಮಾರ್ಚ್. ತಾಯಿ ಆಮೆ ರಾತ್ರಿ ದಡಕ್ಕೆ ಹತ್ತಿ, ಹಿಂಗಾಲಿನಿಂದ ಗುಂಡಿ ತೋಡಿ, ಸುಮಾರು ನೂರು ಮೊಟ್ಟೆ ಇಟ್ಟು, ಮರಳು ಮುಚ್ಚಿ ಹೊರಟುಹೋಗುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಶಾಖ ನಿರ್ಧರಿಸುತ್ತದೆ. ಮರಳು ಹೆಚ್ಚು ಬೆಚ್ಚಗಿದ್ದರೆ ಹೆಣ್ಣು ಮರಿಗಳು ಹೆಚ್ಚು. ಅರಣ್ಯ ಇಲಾಖೆಯವರು ಮತ್ತು ಅಲ್ಲಿನ ಮೀನುಗಾರರು ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ, ಮರಿಗಳನ್ನು ಕಡಲಿಗೆ ಬಿಡುವಾಗ ನೋಡಲು ಅವಕಾಶ ಸಿಗುವುದೂ ಉಂಟು. ತಾಯಿ ಆಮೆಯನ್ನು ನೋಡುವುದು ಅದೃಷ್ಟದ ಮಾತು, ಅದಕ್ಕಾಗಿ ರಾತ್ರಿ ಟಾರ್ಚ್ ಹಿಡಿದು ದಡದಲ್ಲಿ ಅಲೆಯುವುದು ತಪ್ಪು. ಬೆಳಕು ಕಂಡರೆ ಅದು ಮೊಟ್ಟೆಯಿಡದೆ ಹಿಂದಿರುಗುತ್ತದೆ. ಮರಿಗಳು ಬೆಳಕಿನತ್ತ ಹೊರಳಿ ಕಡಲಿನ ದಿಕ್ಕು ತಪ್ಪುತ್ತವೆ. ಮರಿ ನೋಡುವ ಸಾಧ್ಯತೆ ಫೆಬ್ರವರಿಯಿಂದ ಏಪ್ರಿಲ್ ಮೊದಲ ಭಾಗದವರೆಗೆ ಹೆಚ್ಚು. ಆ ಕಡೆಯ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಮೊದಲೇ ಫೋನ್ ಮಾಡಿ ಕೇಳುವುದು ನೂರು ವಿಡಿಯೊ ನೋಡುವುದಕ್ಕಿಂತ ಉಪಯೋಗ.

ಇನ್ನು ಡಾಲ್ಫಿನ್. ಕಾರವಾರದ ಕಾಳಿ ನದಿಯ ಬಾಯಿ, ದೇವಬಾಗ್, ಹೊನ್ನಾವರದಲ್ಲಿ ಶರಾವತಿ ಕಡಲಿಗೆ ಸೇರುವ ಜಾಗ, ಇವೆಲ್ಲ ಬೆನ್ನ ಮೇಲೆ ದಿಬ್ಬವಿರುವ ಹಂಪ್‌ಬ್ಯಾಕ್ ಡಾಲ್ಫಿನ್‌ಗಳ ನೆಲೆ. ಇವು ಆಳ ಕಡಲಿನವಲ್ಲ. ನದಿ ತಂದ ಮಣ್ಣು ಮತ್ತು ಮೀನು ಸೇರುವ ಆಳವಿಲ್ಲದ ನೀರಿನಲ್ಲಿ, ದಡದ ಹತ್ತಿರವೇ ಇರುತ್ತವೆ. ಹಾಗಾಗಿ ದಂಡೆಯ ಬಂಡೆಯ ಮೇಲೆ ಕುಳಿತೂ ನೋಡಬಹುದು. ಸಿನಿಮಾದ ಡಾಲ್ಫಿನ್ ಹಾಗೆ ಗಾಳಿಯಲ್ಲಿ ಲಾಗ ಹಾಕುತ್ತವೆ ಎಂದು ಮಕ್ಕಳಿಗೆ ಹೇಳಬೇಡಿ. ಬೂದು ಬೆನ್ನು ಒಮ್ಮೆ ಮೇಲೆ ಬಂದು, ಉಸಿರು ಬಿಟ್ಟು, ಮುಳುಗುತ್ತದೆ; ಹತ್ತು ಸಲ ನೋಡಿದರೂ ಒಟ್ಟು ಸಿಗುವುದು ಅರ್ಧ ನಿಮಿಷ. ‘ಡಾಲ್ಫಿನ್ ತೋರಿಸುತ್ತೇವೆ, ಕಾಣದಿದ್ದರೆ ಹಣ ವಾಪಸ್’ ಎನ್ನುವ ದೋಣಿಯನ್ನು ನಾನಾದರೆ ಹತ್ತುವುದಿಲ್ಲ. ಹಣ ಉಳಿಸಿಕೊಳ್ಳಲು ಆ ದೋಣಿಯವನು ಗುಂಪನ್ನು ಅಟ್ಟಿಸಿಕೊಂಡು ಹೋಗಲೇಬೇಕಾಗುತ್ತದೆ. ದೂರದಲ್ಲೇ ಎಂಜಿನ್ ನಿಲ್ಲಿಸಿ ಕಾಯುವವನನ್ನು ಹುಡುಕಿ. ಅಂಥವರು ಇದ್ದಾರೆ, ಹೆಚ್ಚಾಗಿ ಮೀನುಗಾರರ ಮನೆಯವರೇ.

ಈಗ ದಾರಿಯ ವಿಷಯ. ಕರಾವಳಿ ಎಂದರೆ ಬೆಂಗಳೂರಿಗೆ ಹೋಗಿ ಅಲ್ಲಿಂದ ವಿಮಾನ ಹಿಡಿಯಬೇಕಾದ ದೂರದ ಲೋಕ ಎಂದು ನಮ್ಮ ಕಡೆಯವರು ಭಾವಿಸುತ್ತಾರೆ. ಆದರೆ ಕೊಪ್ಪಳದ ಮೇಲೆ ಹಾದುಹೋಗುವ ಹೆದ್ದಾರಿ ಹಳೆಯ ಲೆಕ್ಕದಲ್ಲಿ 63ನೆಯ ರಾಷ್ಟ್ರೀಯ ಹೆದ್ದಾರಿ. ಅದರ ಒಂದು ತುದಿ ಆಂಧ್ರದ ಗುತ್ತಿ, ಇನ್ನೊಂದು ತುದಿ ಅಂಕೋಲಾ. ಬಳ್ಳಾರಿ, ಹೊಸಪೇಟೆಯ ಅದಿರಿನ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಹೋಗುತ್ತಿದ್ದುದು ಇದೇ ದಾರಿಯಲ್ಲಿ. ನಮ್ಮ ಕೆಂಪು ಮಣ್ಣು ಅಷ್ಟು ಸಲ ಕಡಲು ನೋಡಿ ಬಂದಿದೆ, ನಮ್ಮ ಮಕ್ಕಳು ನೋಡಿಲ್ಲ. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಮುಂಜಾನೆ ಹೊರಟರೆ ಸಂಜೆಯೊಳಗೆ ಮುಟ್ಟಬಹುದು. ಘಟ್ಟದ ತಿರುವಿನಲ್ಲಿ ಮಗನಿಗೆ ವಾಂತಿಯಾಗದಂತೆ ಹೊಟ್ಟೆ ಹಗುರವಾಗಿಡಿ, ಅಷ್ಟೇ.

ಈ ದಾರಿಯಲ್ಲಿ ಒಂದು ಚೆಂದದ ಸಂಗತಿ ಇದೆ. 2024ರ ಆರಂಭದಲ್ಲಿ ಕರ್ನಾಟಕದ ಮೂರು ಜಲತಾಣಗಳು ಒಟ್ಟಿಗೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದವು: ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ, ಕುಮಟಾದ ಅಘನಾಶಿನಿ ಅಳಿವೆ. ಮೊದಲನೆಯದು ನಿಮ್ಮ ನೆರೆಯದು, ಎರಡನೆಯದು ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಮೂರನೆಯದು ಕಡಲಂಚಿನಲ್ಲಿ. ಜನವರಿಯಲ್ಲಿ ಹೊರಟರೆ ಮೂರನ್ನೂ ಒಂದೇ ಪ್ರವಾಸದಲ್ಲಿ ಹೊಲಿಯಬಹುದು. ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಹಗಲು ನೀರಿನಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇವು. ಆದ್ದರಿಂದ ಬೆಳಗ್ಗೆಯೇ ಕೆರೆಯ ದಂಡೆಯಲ್ಲಿರಬೇಕು.

ಅಘನಾಶಿನಿಯ ಬಗ್ಗೆ ನನಗೆ ಪಕ್ಷಪಾತವಿದೆ, ಒಪ್ಪಿಕೊಳ್ಳುತ್ತೇನೆ. ಒಂದು ದೊಡ್ಡ ಅಣೆಕಟ್ಟೂ ಇಲ್ಲದೆ ಕಡಲು ಸೇರುವ ನದಿ ಅದು. ಅಣೆಕಟ್ಟಿನ ನೀರಿನಿಂದ ಭತ್ತ ಬೆಳೆಯುವ ಗಂಗಾವತಿಯವರು ಅದನ್ನು ನೋಡಲೇಬೇಕು. ಅಲ್ಲಿಯೂ ಭತ್ತವಿದೆ, ಆದರೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಬೆಳೆಯುವ ಕಗ್ಗ ಎಂಬ ತಳಿ. ಎತ್ತರವಾಗಿ ಬೆಳೆದು ನೆರೆಯನ್ನೂ ಉಪ್ಪನ್ನೂ ತಡೆದುಕೊಳ್ಳುತ್ತದೆ. ಗಿರಣಿಯಲ್ಲಿ ದಿನವೂ ಸೋನಾ ಮಸೂರಿಯ ಚೀಲ ಎಣಿಸುವ ನಿಮಗೆ ಆ ಗದ್ದೆಯ ದಂಡೆಯಲ್ಲಿ ನಿಂತು ಮಾತನಾಡಲು ಬೇಕಾದಷ್ಟು ವಿಷಯ ಸಿಗುತ್ತದೆ. ನೀರು ಇಳಿದಾಗ ಹೆಂಗಸರು, ಗಂಡಸರು ಕೆಸರಿಗಿಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಒಂದೇ ದೊಡ್ಡ ಕೊಂಬು ಬೀಸುವ ಪುಟ್ಟ ಏಡಿಗಳು, ನೀರುಬಿಟ್ಟು ಕೆಸರಿನ ಮೇಲೆ ತೆವಳುವ ಮೀನುಗಳು. ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ವಲಸೆ ಬಂದ ಉದ್ದ ಕಾಲಿನ ಹಕ್ಕಿಗಳು. ಏಳು ವರ್ಷದ ಹುಡುಗನಿಗೆ ಡಾಲ್ಫಿನ್‌ಗಿಂತ ಆ ಏಡಿಗಳೇ ಹೆಚ್ಚು ಹಿಡಿಸಿದರೆ ಆಶ್ಚರ್ಯಪಡಬೇಡಿ.

ಒಂದು ಮಾತು ಮಾತ್ರ ಮರೆಯಬಾರದು. ಅಲ್ಲಿ ಏನು ಕಾಣುತ್ತದೆ ಎಂಬುದನ್ನು ಗಡಿಯಾರಕ್ಕಿಂತ ಉಬ್ಬರ ಇಳಿತ ನಿರ್ಧರಿಸುತ್ತದೆ. ಇಳಿತವಿದ್ದಾಗ ಕೆಸರು ತೆರೆದುಕೊಳ್ಳುತ್ತದೆ, ಉಬ್ಬರದಲ್ಲಿ ಎಲ್ಲವೂ ನೀರಿನಡಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಹಿಂದೆ ಸರಿಯುತ್ತದೆ. ಆದ್ದರಿಂದ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಎಲ್ಲಿದೆ ನೋಡಿ ದಿನ ಗೊತ್ತುಮಾಡಿ. ‘ಅಮಾವಾಸ್ಯೆಗೆ ಪ್ರಯಾಣವೇ’ ಎಂದು ಅತ್ತೆಯವರು ಹುಬ್ಬೇರಿಸಿದರೆ ಹಿಂದಿನ ದಿನವೇ ಹೊರಟುಬಿಡಿ. ಎರಡೂ ಕೆಲಸವಾಗುತ್ತದೆ.

ಅಷ್ಟಾದರೂ ದ್ವೀಪವೇ ಬೇಕೆಂದರೆ ಮಲ್ಪೆಯ ಸೇಂಟ್ ಮೇರೀಸ್ ಇದೆ, ಅಲ್ಲಿನವರು ತೋನ್ಸೆಪಾರ್ ಎನ್ನುತ್ತಾರೆ. ಮಲ್ಪೆಯಿಂದ ದೋಣಿ. ಅಲ್ಲಿ ಪ್ರಾಣಿಗಳಿಗಿಂತ ಕಲ್ಲೇ ದೊಡ್ಡ ಸಂಗತಿ: ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತ ಕುಗ್ಗಿ, ಕೋನಗಳುಳ್ಳ ಕಂಬಗಳಾಗಿ ಸೀಳಿದೆ. ಹಂಪಿ, ಆನೆಗೊಂದಿಯ ದುಂಡು ಬಂಡೆಗಳು ನೂರಾರು ಕೋಟಿ ವರ್ಷ ಹಳೆಯ ಗ್ರಾನೈಟ್. ಅವುಗಳ ನಡುವೆ ಬೆಳೆದ ಮಕ್ಕಳಿಗೆ ಈ ಕಂಬಗಳು ಹೊಸ ಲೋಕ. ಅತ್ತೆಯವರ ಮೊಣಕಾಲು ಹೇಗಿದೆ ಎಂದು ಮೊದಲು ನೋಡಿಕೊಳ್ಳಿ, ದೋಣಿಯಿಂದ ಇಳಿಯುವಾಗ ನೀರಿಗೆ ಕಾಲಿಡಬೇಕಾಗಬಹುದು. ಅವರಿಗೆ ಹೊನ್ನಾವರದ ಕಾಸರಕೋಡಿನಲ್ಲಿ ಕಾಂಡ್ಲಾ ಕಾಡಿನ ನಡುವೆ ಕಟ್ಟಿರುವ ಮರದ ಕಾಲುದಾರಿ ಹೆಚ್ಚು ಹಿತ, ಸಮತಟ್ಟಾಗಿ ನಡೆಯಬಹುದು.

ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಕಡಲಿನಲ್ಲಿದೆ. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುವ ಜಾಗ. ಅದರ ಸುತ್ತಲಿನ ನೀರಿನಲ್ಲಿ ಸ್ಕೂಬಾ ಮುಳುಗು ಹಾಕಿಸುತ್ತಾರೆ. ಸ್ಕೂಬಾಕ್ಕೆ ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕು, ಹಾಗಾಗಿ ಮಗಳು ಇಳಿಯಬಹುದು, ಮಗ ದೋಣಿಯಲ್ಲಿ ಅಳುತ್ತ ಕೂರುತ್ತಾನೆ. ಈ ಸಲಕ್ಕೆ ಬಿಡಿ. ಮುರ್ಡೇಶ್ವರವಾಗಲಿ ಗೋಕರ್ಣವಾಗಲಿ, ಇನ್ನೊಂದು ಎಚ್ಚರಿಕೆ ನಿಮ್ಮ ಪತಿಗೆ. ಎಡದಂಡೆ ಕಾಲುವೆಯಲ್ಲಿ, ತುಂಗಭದ್ರೆಯಲ್ಲಿ ಈಜು ಕಲಿತವರು ಕಡಲಿನಲ್ಲೂ ಅದೇ ಧೈರ್ಯ ತೋರಿಸುತ್ತಾರೆ. ದಡದಿಂದ ಕಡಲಿಗೆ ಎಳೆಯುವ ಸೆಳವಿಗೆ ಸಿಕ್ಕಿದರೆ ದಡದತ್ತ ನೇರವಾಗಿ ಈಜಿದಷ್ಟೂ ತೋಳು ಸೋಲುತ್ತದೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬರಬೇಕು. ಜೀವರಕ್ಷಕರು ಬೇಡವೆಂದ ಕಡೆ ಇಳಿಯದಿರುವುದು ಅದಕ್ಕಿಂತ ಜಾಣತನ.

ಲಕ್ಷದ್ವೀಪ ಮತ್ತು ಅಂಡಮಾನನ್ನು ನಾನು ಬೇಡವೆನ್ನುತ್ತಿಲ್ಲ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಕೊಚ್ಚಿಯಿಂದ ಹಡಗು ಇಲ್ಲವೇ ಅಗತ್ತಿಗೆ ವಿಮಾನ. ಅಗತ್ತಿಯ ತಿಳಿಗಡಲಿನಲ್ಲಿ ಕಡಲ ಹುಲ್ಲು ಮೇಯುವ ಹಸಿರು ಆಮೆಗಳನ್ನು ಹಗಲಿನಲ್ಲೇ ನೋಡಬಹುದು. ಅವುಗಳ ಸಂಖ್ಯೆ ಎಷ್ಟು ಹೆಚ್ಚಿತೆಂದರೆ ಹುಲ್ಲುಗಾವಲೇ ಸವೆದು, ಮೀನು ಕಡಿಮೆಯಾಯಿತೆಂದು ಅಲ್ಲಿನ ಮೀನುಗಾರರು ಆಮೆಗಳ ಮೇಲೆ ಮುನಿಸಿಕೊಂಡಿದ್ದಾರೆ. ನಮ್ಮಲ್ಲಿ ಜಿಂಕೆಗಳ ಮೇಲೆ ರೈತರಿಗಿರುವ ಸಿಟ್ಟು ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ಅಂಡಮಾನಿಗಾದರೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಶಿಕ್ಷಕರ ಮನೆಗೆ ಆಗ ರಜೆಯಿಲ್ಲ ಎಂಬುದೇ ತೊಡಕು. ಐದು ಜನರ ವಿಮಾನದ ಖರ್ಚಿನ ಜೊತೆಗೆ ಅಲ್ಲಿನ ದೋಣಿಗಳ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ, ಲೆಕ್ಕ ಬರೆಯುವವರು ನೀವೇ ಇದ್ದೀರಿ. ಮಕ್ಕಳು ಸ್ವಲ್ಪ ದೊಡ್ಡವರಾಗಿ, ಇಬ್ಬರೂ ನೀರಿಗಿಳಿಯುವಂತಾದ ಮೇಲೆ ಹೋದರೆ ಅದೇ ಹಣಕ್ಕೆ ದುಪ್ಪಟ್ಟು ಸಿಗುತ್ತದೆ.

ಹೊರಡುವ ಮೊದಲು ಮನೆಯ ಹತ್ತಿರದ ಒಂದು ತಾಲೀಮು. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ ತುಂಗಭದ್ರೆಯ ಸುಮಾರು 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ನಿಮ್ಮ ಊರಿನಿಂದ ಕೂಗಳತೆಯ ದೂರ. ಮಬ್ಬು ಬೆಳಗಿನಲ್ಲಿ ಬಂಡೆಗಳ ಹಿಂದೆ ಸದ್ದಿಲ್ಲದೆ ಒಂದು ಗಂಟೆ ಕುಳಿತುಕೊಳ್ಳಿ, ಒಂದು ದುರ್ಬೀನು ಸಾಕು. ನೀರುನಾಯಿ ಬಂದರೂ ಬರಬಹುದು, ಮೀನು ಹಿಡಿಯುವ ರೀವ ಹಕ್ಕಿಗಳಂತೂ ಇದ್ದೇ ಇರುತ್ತವೆ. ಮೊಸಳೆಗಳೂ ಇವೆ, ನೀರಿನ ಅಂಚಿಗೆ ಮಕ್ಕಳನ್ನು ಬಿಡಬೇಡಿ. ಇಲ್ಲಿ ಒಂದು ಗಂಟೆ ಕೂರಲಾಗದ ಮಗು ಕಾರವಾರದಲ್ಲೂ ಡಾಲ್ಫಿನ್‌ಗಾಗಿ ಕೂರುವುದಿಲ್ಲ; ಅದನ್ನು ನೂರಾರು ಮೈಲಿ ಹೋಗಿ ತಿಳಿಯುವುದಕ್ಕಿಂತ ಇಲ್ಲೇ ತಿಳಿದುಕೊಳ್ಳುವುದು ಅಗ್ಗ. ನಿಮ್ಮ ‘ಏನೂ ಕಾಣದಿದ್ದರೆ’ ಎಂಬ ಭಯಕ್ಕೂ ಇದೇ ಮದ್ದು. ಕಾಯುವುದನ್ನು ಕಲಿತ ಮನೆಯವರಿಗೆ ‘ಏನೂ ಕಾಣಲಿಲ್ಲ’ ಎಂಬ ದಿನ ತೀರ ಕಡಿಮೆ.

ದ್ವೀಪದಲ್ಲಿ ಉಳಿದುಕೊಳ್ಳುವ ಕನಸಿನ ಬಗ್ಗೆಯೂ ನಮ್ಮ ತಾಲ್ಲೂಕಿನಲ್ಲೇ ಪಾಠವಿದೆ. ವಿರೂಪಾಪುರಗಡ್ಡೆ ನದಿ ಸುತ್ತುವರಿದ ನಮ್ಮದೇ ದ್ವೀಪ. ಹೊರದೇಶದವರೆಲ್ಲ ಹುಡುಕಿಕೊಂಡು ಬರುತ್ತಿದ್ದರು. ಹಂಪಿ ವಿಶ್ವ ಪರಂಪರೆ ಪ್ರದೇಶದ ನಿಯಮ ಮೀರಿ ಕಟ್ಟಿದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2020ರ ಮಾರ್ಚಿನಲ್ಲಿ ಕೆಡವಲಾಯಿತು. ಕರಾವಳಿಯಲ್ಲೂ ದಡದಿಂದ ಎಷ್ಟು ದೂರದಲ್ಲಿ ಏನು ಕಟ್ಟಬಹುದು ಎಂಬ ನಿಯಮಗಳಿವೆ. ಕೋಣೆ ಕಾದಿರಿಸುವಾಗ ಅಲೆ ಬಂದು ಮೆಟ್ಟಿಲು ಮುಟ್ಟುವಂಥ ಜಾಗ ಎಂದು ಜಾಹೀರಾತು ಹೇಳಿದರೆ ಹಿಗ್ಗಬೇಡಿ, ಪರವಾನಗಿ ಇದೆಯೇ ಎಂದು ಕೇಳಿ. ಆಮೆ ಮೊಟ್ಟೆಯಿಡುವುದೂ ಅದೇ ಮರಳಿನಲ್ಲಿ. ಆ ಅಂಗಳದ ದೀಪಗಳೇ ಅದಕ್ಕೆ ಅಡ್ಡಿ. ಮೀನುಗಾರರ ಓಣಿಯ ಮನೆವಾಸ್ತವ್ಯ ನಿಮ್ಮಂಥ ಕುಟುಂಬಕ್ಕೆ ಹೆಚ್ಚು ಒಗ್ಗುತ್ತದೆ, ಊಟವೂ ಚೆನ್ನ. ಸಸ್ಯಾಹಾರಿಗಳಾಗಿದ್ದರೆ ಮುಂಚೆಯೇ ಹೇಳಿಬಿಡಿ.

ಇನ್ನು ನೀವು ಕೇಳದಿದ್ದರೂ ನಾನು ಹೇಳಬೇಕೆಂದಿರುವ ಒಂದು ರೈಲು. ಹೊಸಪೇಟೆಯಲ್ಲಿ ನಿಲ್ಲುವ ಅಮರಾವತಿ ಎಕ್ಸ್‌ಪ್ರೆಸ್ ಒಂದು ದಿಕ್ಕಿಗೆ ಗೋವಾದ ವಾಸ್ಕೋಗೆ, ಇನ್ನೊಂದು ದಿಕ್ಕಿಗೆ ಒಡಿಶಾದ ಮೇಲೆ ಕೋಲ್ಕತ್ತಾ ಕಡೆಗೆ ಹೋಗುತ್ತದೆ. ಒಂದೇ ಪ್ಲಾಟ್‌ಫಾರ್ಮಿನಿಂದ ಅರಬ್ಬಿ ಸಮುದ್ರವೂ ಬಂಗಾಳ ಕೊಲ್ಲಿಯೂ! ವಾರಕ್ಕೆ ಕೆಲವು ದಿನ ಮಾತ್ರ ಓಡುತ್ತದೆ. ಪೂರ್ವಕ್ಕೆ ಹೊರಟರೆ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿಯಲ್ಲಿ ಬ್ರಹ್ಮಪುರ ಸಿಗುತ್ತದೆ. ಅಲ್ಲಿಂದ ಹತ್ತಿರದಲ್ಲೇ ಋಷಿಕುಲ್ಯಾ ನದಿಯ ಬಾಯಿ. ಫೆಬ್ರವರಿ, ಮಾರ್ಚಿನಲ್ಲಿ ಆಲಿವ್ ರಿಡ್ಲೆಗಳು ಲಕ್ಷಗಟ್ಟಲೆ ಒಟ್ಟಿಗೆ ದಡ ಹತ್ತುವ, ಜಗತ್ತಿನಲ್ಲೇ ಅಪರೂಪದ ಜಾಗಗಳಲ್ಲಿ ಇದೊಂದು. 2025ರಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಆಮೆಗಳು ಅಲ್ಲಿ ಬಂದಿದ್ದವು, ಅದರ ಹಿಂದಿನ ವರ್ಷ ಆ ಸಾಮೂಹಿಕ ಬರುವಿಕೆಯೇ ನಡೆಯಲಿಲ್ಲ. ಇಟ್ಟ ಮೊಟ್ಟೆಗಳು ಒಡೆಯುವುದು ಸುಮಾರು ಏಪ್ರಿಲಿನಲ್ಲಿ, ಅಂದರೆ ಬೇಸಿಗೆ ರಜೆ ಆರಂಭವಾಗುವ ಹೊತ್ತಿಗೆ. ಅಲ್ಲಿಯೇ ಮುಂದೆ ಚಿಲಿಕಾ ಸರೋವರ. ರೈಲು ಅದರ ದಂಡೆಯ ಪಕ್ಕದಲ್ಲೇ ಓಡುತ್ತದೆ. ಸಾತಪಡಾದ ಕಡೆ ದುಂಡು ಹಣೆಯ, ಮೂತಿ ಚಾಚದ ಇರಾವತಿ ಡಾಲ್ಫಿನ್‌ಗಳಿವೆ. ಒಟ್ಟು ನೂರೈವತ್ತರ ಆಸುಪಾಸು.

ಹೀಗೆ ಮಾಡಿ. ಈ ಜನವರಿ 26ರ ಸುತ್ತಮುತ್ತ ಎರಡು ದಿನ ರಜೆ ಹೊಂದಿಸಿಕೊಂಡು, ಅತ್ತೆಯವರನ್ನೂ ಕರೆದುಕೊಂಡು ಮಾಗಡಿ ಕೆರೆ, ಅಘನಾಶಿನಿ, ಹೊನ್ನಾವರ ನೋಡಿ ಬನ್ನಿ. ಖರ್ಚು ಕೈಗೆಟುಕುತ್ತದೆ, ಅವರಿಗೆ ಕಡಲು ಕಂಡಂತಾಗುತ್ತದೆ. ಫೆಬ್ರವರಿ ಕೊನೆಯ ಹೊತ್ತಿಗೆ ಋಷಿಕುಲ್ಯಾಕ್ಕೆ ಆಮೆ ಬಂದ ಸುದ್ದಿ ಪತ್ರಿಕೆಯಲ್ಲಿ ಕಂಡರೆ, ಮೊಟ್ಟೆಯಿಟ್ಟ ದಿನಕ್ಕೆ 45ರಿಂದ 50 ದಿನ ಸೇರಿಸಿ ಲೆಕ್ಕ ಹಾಕಿ. ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಸುದ್ದಿಗಾಗಿ ಕಾಯುತ್ತ ಕೂತರೆ ಬರ್ತ್ ಸಿಗುವುದಿಲ್ಲ. ಫೆಬ್ರವರಿಯಲ್ಲೇ ಏಪ್ರಿಲ್ ಎರಡನೆಯ ವಾರಕ್ಕೆ ಕಾದಿರಿಸಿಟ್ಟು, ಆ ವರ್ಷ ಆಮೆಗಳು ಬರದಿದ್ದರೆ ರದ್ದು ಮಾಡಿ. ಕತ್ತರಿಸುವ ಶುಲ್ಕ ದೊಡ್ಡದಲ್ಲ.